ಮನೆಯ ನೀರು: ಸಂಪಿನಿಂದ ಲೋಟದವರೆಗೆ

ಕುಡಿಯುವ ನೀರಿನಿಂದ ಹರಡುವ ರೋಗಗಳಲ್ಲಿ ಹೆಚ್ಚಿನವಕ್ಕೆ ಮೂಲ ಒಂದೇ: ಮನುಷ್ಯನ ಮಲ ನೀರಿಗೆ ಸೇರುವುದು. ಕಾಲರಾ, ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆ ಇವೆಲ್ಲ ಒಬ್ಬರ ಕರುಳಿನಿಂದ ಹೊರಬಿದ್ದು ಮತ್ತೊಬ್ಬರ ಬಾಯಿ ಸೇರುವ ಸೂಕ್ಷ್ಮಜೀವಿಗಳ ಕೆಲಸ. ಈ ಬೆರಕೆ ನದಿಯಲ್ಲಿ ಆಗಬಹುದು, ಶುದ್ಧೀಕರಣ ಘಟಕದ ಲೋಪದಿಂದ ಆಗಬಹುದು, ರಸ್ತೆಯಡಿಯ ಕೊಳವೆಯಲ್ಲಿ ಆಗಬಹುದು. ಪಶ್ಚಿಮ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯಂಥ ಬಡಾವಣೆಗಳಲ್ಲಿ ಅದು ಮನೆಯ ಗೇಟಿನ ಒಳಗೂ ಆಗಬಹುದು. ಸಂಪು, ಓವರ್‌ಹೆಡ್ ಟ್ಯಾಂಕು, ಬೋರ್‌ವೆಲ್, ಡ್ರಮ್ಮು, ಬಿಂದಿಗೆ, ಪ್ರತಿ ಹಂತದಲ್ಲೂ ನೀರು ಕೆಡುವ ದಾರಿಗಳಿವೆ. ಆ ದಾರಿಗಳನ್ನು ಮುಚ್ಚುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲೇ ಇದೆ.

ನಲ್ಲಿಯವರೆಗಿನ ದಾರಿ

ಬೆಂಗಳೂರಿನ ಮೊದಲ ಆಧುನಿಕ ನೀರು ಪೂರೈಕೆ 1890ರ ದಶಕದಲ್ಲಿ ಹೆಸರಘಟ್ಟ ಕೆರೆಯಿಂದ ಆರಂಭವಾಯಿತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಜೊತೆಗೂಡಿತು. ಎರಡೂ ಅರ್ಕಾವತಿಯ ನೀರು. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿತು. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ನಗರ ತಲುಪಿತು. ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ದೊರೆಯಿತು.

ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಈ ನೀರಿಗೆ ಆಲಂ ಹಾಕಿ ಮಣ್ಣನ್ನು ತಳಕ್ಕಿಳಿಸುತ್ತಾರೆ, ಮರಳಿನ ಹಾಸಿನಲ್ಲಿ ಸೋಸುತ್ತಾರೆ, ಕ್ಲೋರಿನ್ ಬೆರೆಸುತ್ತಾರೆ. ಅಲ್ಲಿಂದ ಮೂರು ಹಂತಗಳಲ್ಲಿ ಪಂಪ್ ಮಾಡಿ, ಸುಮಾರು 500 ಮೀಟರ್ ಎತ್ತರ ಏರಿಸಿ, 100 ಕಿಲೋಮೀಟರ್ ದೂರದ ಬೆಂಗಳೂರಿಗೆ ತರುತ್ತಾರೆ. ಹೀಗೆ ಬಂದ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಇನ್ನೂ ಉಳಿದಿರಬೇಕು. ದಾರಿಯಲ್ಲಿ ಅಲ್ಪಸ್ವಲ್ಪ ರೋಗಾಣು ಸೇರಿದರೆ ಅದನ್ನು ಕೊಲ್ಲುವುದು ಈ ಉಳಿಕೆಯೇ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಲ್ಲಿ ನೀರಿಗೆ ಬರುವ ತೆಳುವಾದ ಕ್ಲೋರಿನ್ ವಾಸನೆ ಹಲವರಿಗೆ ಹಿಡಿಸುವುದಿಲ್ಲ. ಆದರೆ ಅದು ರಕ್ಷಣೆ ಇನ್ನೂ ಇದೆ ಎಂಬುದರ ಗುರುತು.

ತೊಂದರೆ ಆರಂಭವಾಗುವುದು ನೀರು ಇಡೀ ದಿನ ಬರದಿರುವುದರಿಂದ. ಬಹುತೇಕ ಬಡಾವಣೆಗಳಿಗೆ ದಿನ ಬಿಟ್ಟು ದಿನವೋ ವಾರಕ್ಕೆ ಕೆಲವು ದಿನವೋ, ಅದೂ ಕೆಲವೇ ಗಂಟೆ ನೀರು ಬಿಡುತ್ತಾರೆ. ಕೊಳವೆ ತುಂಬಿ ಒತ್ತಡದಲ್ಲಿ ಹರಿಯುವಾಗ ಸಣ್ಣ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಒತ್ತಡ ಇಳಿದು ಕೊಳವೆ ಖಾಲಿಯಾಗುತ್ತದೆ. ಆಗ ಅದೇ ಬಿರುಕಿನಿಂದ ಸುತ್ತಲಿನ ಕೊಚ್ಚೆ ಒಳಗೆ ಜಿನುಗುತ್ತದೆ. ಹಳೆಯ ಬಡಾವಣೆಗಳಲ್ಲಿ ನೀರಿನ ಕೊಳವೆ ಮತ್ತು ಒಳಚರಂಡಿ ಕೊಳವೆ ಕಿರಿದಾದ ಅಡ್ಡರಸ್ತೆಯಡಿ ಹತ್ತಿರ ಹತ್ತಿರವೇ ಸಾಗುತ್ತವೆ. ಮ್ಯಾನ್‌ಹೋಲ್ ಕಟ್ಟಿಕೊಂಡು ಉಕ್ಕಿದರೆ ಅಪಾಯ ಇಮ್ಮಡಿಯಾಗುತ್ತದೆ. ಮನೆಯವರು ಬೇಗ ಸಂಪು ತುಂಬಲೆಂದು ಸಂಪರ್ಕ ಕೊಳವೆಗೇ ನೇರವಾಗಿ ಮೋಟಾರು ಜೋಡಿಸಿದರೆ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಬಿರುಕಿನ ಸುತ್ತಲಿನ ಕೊಳಕನ್ನು ಎಳೆದುಕೊಂಡಂತಾಗುತ್ತದೆ. ಆ ಕೊಳಕು ಮೋಟಾರು ಹಾಕಿದವರ ಮನೆಗೂ, ಅದೇ ಸಾಲಿನ ಮಿಕ್ಕ ಮನೆಗಳಿಗೂ ಹೋಗುತ್ತದೆ. ನೀರು ಬಿಟ್ಟಾಗ ಮೊದಲ ಕೆಲವು ನಿಮಿಷ ಕೆಂಪಗೆ, ಕಪ್ಪಗೆ ಅಥವಾ ವಾಸನೆಯಿಂದ ಬರುವುದು ಇಂಥ ಬೆರಕೆಯ ಸೂಚನೆಯಾಗಿರಬಹುದು. ಆ ನೀರನ್ನು ಸಂಪಿಗೆ ಬಿಡದೆ ಹೊರಗೆ ಹರಿಸಬೇಕು.

ಸಂಪು ಮತ್ತು ಟ್ಯಾಂಕು

ನೀರು ಯಾವಾಗಲೂ ಬರದ ಊರಿನಲ್ಲಿ ನೀರು ಹಿಡಿದಿಡುವುದು ಅನಿವಾರ್ಯ. ಹಾಗಾಗಿ ಬೆಂಗಳೂರಿನ ಸ್ವಂತ ಮನೆಗಳಲ್ಲಿ ಸಂಪು ಸಾಮಾನ್ಯ. ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮೂವತ್ತು-ನಲವತ್ತರ ನಿವೇಶನದ ಮನೆಯನ್ನು ಹತ್ತಿರದಿಂದ ನೋಡಿದರೆ ಅಪಾಯ ಎಲ್ಲಿದೆ ಎಂಬುದು ತಿಳಿಯುತ್ತದೆ. ಕಾವೇರಿ ಸಂಪರ್ಕ ಬರುವುದು ರಸ್ತೆಯ ಕಡೆಯಿಂದ. ಮನೆಯ ಒಳಚರಂಡಿ ಹೋಗಿ ಸೇರುವುದೂ ರಸ್ತೆಗೇ. ಹೀಗಾಗಿ ಸಂಪೂ ಕೊನೆಯ ಚೇಂಬರೂ ಮನೆಯ ಮುಂದಿನ ಕೆಲವೇ ಅಡಿಯ ಜಾಗದಲ್ಲಿ, ಗೇಟಿನ ಒಳಬದಿಯಲ್ಲಿ ಅಕ್ಕಪಕ್ಕ ಬಂದುಬಿಡುತ್ತವೆ. ಎರಡರ ನಡುವೆ ಇರುವುದು ಒಂದು ಇಟ್ಟಿಗೆ ಗೋಡೆ, ಒಂದಿಷ್ಟು ಮಣ್ಣು. ಚೇಂಬರಿನ ಗಾರೆ ಬಿಟ್ಟು, ಸಂಪಿನ ಗೋಡೆಯಲ್ಲೂ ಕೂದಲೆಳೆಯ ಬಿರುಕಿದ್ದರೆ ಕೊಳಚೆ ಒಳಗೆ ಒಸರುತ್ತದೆ. ಸಂಪು ತುಂಬಿದ್ದಾಗ ಒಳಗಿನ ಒತ್ತಡ ಅದನ್ನು ತಡೆಯುತ್ತದೆ, ನೀರು ತಳಮುಟ್ಟಿದಾಗ ಒಸರು ಹೆಚ್ಚುತ್ತದೆ. ಬೀದಿಯ ಮರದ ಬೇರು ಗೋಡೆಯನ್ನು ಸೀಳಿದರೂ ಇದೇ ಕಥೆ.

ಎರಡನೆಯ ದಾರಿ ಮುಚ್ಚಳ. ಹಲವು ಮನೆಗಳಲ್ಲಿ ಸಂಪಿನ ಬಾಯಿ ನೆಲದ ಮಟ್ಟಕ್ಕೇ ಇರುತ್ತದೆ. ಅದರ ಮೇಲೆ ಸ್ಕೂಟರ್ ನಿಲ್ಲಿಸುತ್ತಾರೆ, ಚಪ್ಪಲಿ ಬಿಡುತ್ತಾರೆ, ಬೆಳಿಗ್ಗೆ ಮುಂಬಾಗಿಲು ತೊಳೆದ ನೀರು ಅದರ ಸುತ್ತಲೇ ಹರಿಯುತ್ತದೆ. ತಗಡಿನ ಮುಚ್ಚಳ ಅಂಚಿನಲ್ಲಿ ತುಕ್ಕು ಹಿಡಿದು ಸಂದು ಬಿಟ್ಟರೆ ಆ ನೀರು, ಜಿರಳೆ, ಇಲಿ ಹಿಕ್ಕೆ ಎಲ್ಲವೂ ಒಳಗೆ ಇಳಿಯುತ್ತವೆ. ಜೋರು ಮಳೆಯಲ್ಲಿ ಮೋರಿ ಉಕ್ಕಿ ಅಂಗಳಕ್ಕೆ ಬಂದರೆ ಸಂಪು ಮೋರಿಯ ನೀರಿನಿಂದಲೇ ತುಂಬುತ್ತದೆ. ತಗ್ಗಿನ ಬೀದಿಗಳಲ್ಲಿ ಮತ್ತು ರಾಜಕಾಲುವೆಯ ದಂಡೆಯ ಮನೆಗಳಲ್ಲಿ ಮಳೆಗಾಲದ ಕಾಯಿಲೆಗಳಿಗೆ ಇದೊಂದು ಕಾರಣ. ಸಂಪಿನ ಬಾಯಿಯನ್ನು ನೆಲದಿಂದ ಕನಿಷ್ಠ ಒಂದು ಅಡಿ ಎತ್ತರಿಸಿ ಕಟ್ಟಿ, ಬಿಗಿಯಾಗಿ ಕೂರುವ ಮುಚ್ಚಳ ಹಾಕಿ ಬೀಗ ಜಡಿಯುವುದರಿಂದ ಈ ದಾರಿ ಬಹುಪಾಲು ಮುಚ್ಚುತ್ತದೆ. ಮಕ್ಕಳು ಸಂಪಿಗೆ ಬಿದ್ದು ಸಾಯುವ ದುರಂತವೂ ತಪ್ಪುತ್ತದೆ.

ಸಂಪಿನಿಂದ ನೀರು ತಾರಸಿಯ ಟ್ಯಾಂಕಿಗೆ ಏರುತ್ತದೆ. ಬಿಸಿಲಿಗೆ ಕಾದ ಟ್ಯಾಂಕಿನಲ್ಲಿ ಕ್ಲೋರಿನ್ ಬೇಗ ಮಾಯವಾಗುತ್ತದೆ. ತಳದಲ್ಲಿ ಕೂತ ಕೆಸರು, ಗೋಡೆಗೆ ಅಂಟಿದ ಲೋಳೆಪದರ ಬ್ಯಾಕ್ಟೀರಿಯಾಗಳಿಗೆ ಮನೆಯಾಗುತ್ತವೆ. ಮುಚ್ಚಳ ಗಾಳಿಗೆ ಹಾರಿಹೋದ ಟ್ಯಾಂಕಿಗೆ ಪಾರಿವಾಳದ ಹಿಕ್ಕೆ ಬೀಳುತ್ತದೆ. ತೆರೆದ ಸಂಪು, ಟ್ಯಾಂಕು, ಡ್ರಮ್ಮುಗಳಿಂದ ಇನ್ನೊಂದು ತೊಂದರೆಯೂ ಇದೆ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನಲ್ಲೇ. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಅಧಿಸೂಚಿಸಿದಾಗ ನೀರಿನ ತೊಟ್ಟಿಗಳನ್ನು ಮುಚ್ಚಿಡುವ ಹೊಣೆಯನ್ನು ಮನೆ ಮಾಲೀಕರ ಮೇಲೆ ಹೊರಿಸಿತು.

ಬೋರ್‌ವೆಲ್, ಟ್ಯಾಂಕರ್, ಕ್ಯಾನು

ಬೆಂಗಳೂರು ನಿಂತಿರುವುದು ಗಟ್ಟಿ ಶಿಲೆಯ ಮೇಲೆ. ಮೇಲೆ ಮಣ್ಣು, ಅದರಡಿ ಶಿಥಿಲವಾದ ಮೆದುಕಲ್ಲು, ಅದರ ಕೆಳಗೆ ಬಂಡೆ. ಬೋರ್‌ವೆಲ್‌ಗೆ ನೀರು ಬರುವುದು ಬಂಡೆಯ ಸೀಳುಗಳಿಂದ. ಮೇಲಿನ ಸಡಿಲ ಪದರದ ಕೊಳಕು ಕೆಳಗಿಳಿಯದಂತೆ ಗಟ್ಟಿ ಬಂಡೆ ಸಿಗುವವರೆಗೂ ಕೇಸಿಂಗ್ ಪೈಪ್ ಇಳಿಸಬೇಕು. ಖರ್ಚು ಉಳಿಸಲು ಕೇಸಿಂಗ್ ಗಿಡ್ಡ ಮಾಡಿದರೆ, ಅಥವಾ ಅದರ ಸುತ್ತಲಿನ ಸಂದನ್ನು ಸಿಮೆಂಟಿನಿಂದ ಮುಚ್ಚದಿದ್ದರೆ, ಸೋರುವ ಒಳಚರಂಡಿಯ ನೀರು ನೇರವಾಗಿ ಬೋರಿನೊಳಗೆ ಇಳಿಯುತ್ತದೆ. ನೀರು ನೂರಾರು ಅಡಿ ಆಳದಿಂದ ಬರುತ್ತದೆ, ಆದ್ದರಿಂದ ಶುದ್ಧವಾಗಿದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ.

ಪಶ್ಚಿಮ ಬೆಂಗಳೂರಿಗೆ ಇದರ ಜೊತೆ ಎರಡು ವಿಶೇಷ ಸಮಸ್ಯೆಗಳಿವೆ. ಒಂದು ವೃಷಭಾವತಿ. ನಗರದೊಳಗೇ ಹುಟ್ಟಿ ಮೈಸೂರು ರಸ್ತೆಯ ಪಕ್ಕದಲ್ಲಿ ನಾಯಂಡಹಳ್ಳಿ, ಕೆಂಗೇರಿ ಹಾದು ಬೈರಮಂಗಲ ಕೆರೆಯತ್ತ ಹೋಗುವ ಈ ನದಿ ದಶಕಗಳಿಂದ ಮನೆಗಳ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯವನ್ನು ಹೊತ್ತು ಹರಿಯುತ್ತಿದೆ. ಅದರ ದಂಡೆಯ ಬಾವಿ, ಬೋರ್‌ವೆಲ್‌ಗಳ ನೀರನ್ನು ಪರೀಕ್ಷೆ ಮಾಡಿಸದೆ ಕುಡಿಯುವುದು ತರವಲ್ಲ. ಇನ್ನೊಂದು ಪೀಣ್ಯ ಕೈಗಾರಿಕಾ ಪ್ರದೇಶ. ಲೋಹಕ್ಕೆ ಮುಲಾಮು ಹಾಕುವ ಘಟಕಗಳು ಬಳಸುವ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ.

ಕಾವೇರಿ ಸಂಪರ್ಕ ತಡವಾಗಿ ಬಂದ ಅಥವಾ ಇನ್ನೂ ಬಾರದ ಹೊರವಲಯದ ಬಡಾವಣೆಗಳು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡಿವೆ. 2024ರ ಬೇಸಿಗೆಯ ಅಭಾವದಲ್ಲಿ ಜಿಲ್ಲಾಡಳಿತ ಟ್ಯಾಂಕರ್ ನೀರಿಗೆ ದರ ನಿಗದಿ ಮಾಡಿತು. ದರ ನಿಗದಿಯಾದ ಮಾತ್ರಕ್ಕೆ ಗುಣಮಟ್ಟ ಖಾತ್ರಿಯಾಗುವುದಿಲ್ಲ. ಟ್ಯಾಂಕರ್ ನೀರು ಸಾಮಾನ್ಯವಾಗಿ ಯಾವುದೋ ಬೋರ್‌ವೆಲ್‌ನದು. ಟ್ಯಾಂಕಿನ ಒಳಗೋಡೆ, ನೆಲದ ಮೇಲೆ ಎಳೆದಾಡುವ ರಬ್ಬರ್ ಪೈಪು, ಎರಡೂ ಕೊಳಕಿನ ಮೂಲಗಳು. ಅದನ್ನು ಬಳಕೆ ನೀರೆಂದೇ ಎಣಿಸಿ, ಕುಡಿಯುವುದಾದರೆ ಕ್ಲೋರಿನ್ ಹಾಕಿ ಅಥವಾ ಕುದಿಸಿಯೇ ಕುಡಿಯಬೇಕು. 20 ಲೀಟರಿನ ಕ್ಯಾನು ಕೊಳ್ಳುವವರು ಐಎಸ್ 14543 ಗುರುತು, ಪರವಾನಗಿ ಸಂಖ್ಯೆ, ಮುಚ್ಚಳದ ಸೀಲು ಈ ಮೂರನ್ನೂ ನೋಡಬೇಕು. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳಲ್ಲಿ ನೀರು ಚೆನ್ನಾಗಿದ್ದರೂ, ವಾರಗಟ್ಟಲೆ ತೊಳೆಯದ ಕ್ಯಾನಿಗೆ ತುಂಬಿದರೆ ಮನೆ ಸೇರುವ ಹೊತ್ತಿಗೆ ಕೆಟ್ಟಿರುತ್ತದೆ.

ರೋಗಾಣುಗಳು ಮಾಡುವ ಕೇಡು

ನೀರಿನ ರೋಗಾಣುಗಳಲ್ಲಿ ಮೂರು ಬಗೆ: ಬ್ಯಾಕ್ಟೀರಿಯಾ, ವೈರಸ್, ಏಕಕೋಶ ಪರೋಪಜೀವಿಗಳು.

ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿರುವುದನ್ನು ರಾಬರ್ಟ್ ಕಾಖ್ 1884ರಲ್ಲಿ ಕಲ್ಕತ್ತೆಯ ಒಂದು ಕೆರೆಯಲ್ಲಿ ತೋರಿಸಿದ. ಅದು ಹೇಗೆ ಕೊಲ್ಲುತ್ತದೆ ಎಂಬುದನ್ನು ಅದೇ ನಗರದ ಶಂಭುನಾಥ ಡೇ 1959ರಲ್ಲಿ ಕಂಡುಹಿಡಿದರು. ಬ್ಯಾಕ್ಟೀರಿಯಾ ಕರುಳನ್ನು ಕೊರೆಯುವುದಿಲ್ಲ. ಅದು ಸ್ರವಿಸುವ ವಿಷ ಕರುಳಿನ ಜೀವಕೋಶಗಳಿಂದ ಉಪ್ಪು, ನೀರು ಎಡೆಬಿಡದೆ ಹೊರಬರುವಂತೆ ಮಾಡುತ್ತದೆ. ತೀವ್ರ ಕಾಲರಾದಲ್ಲಿ ವಯಸ್ಕರ ದೇಹದಿಂದ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೋಗಬಹುದು. ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಸಾವು ಸಂಭವಿಸುತ್ತದೆ. ವಿಷಮಶೀತ ಜ್ವರದ ಸಾಲ್ಮೊನೆಲ್ಲಾ ಕರುಳಿನಿಂದ ರಕ್ತಕ್ಕೆ ಹೊಕ್ಕು ವಾರಗಟ್ಟಲೆ ಜ್ವರ ತರುತ್ತದೆ. ಆಲಸ್ಯ ಮಾಡಿದರೆ ಕರುಳು ತೂತಾಗುವ ಅಪಾಯವಿದೆ.

ಹೆಪಟೈಟಿಸ್ ಎ ಮತ್ತು ಇ ವೈರಸ್‌ಗಳು ಯಕೃತ್ತಿಗೆ ತಗುಲಿ ಕಾಮಾಲೆ ತರುತ್ತವೆ. ಹೆಚ್ಚಿನವರಿಗೆ ಅದು ತಾನಾಗಿ ವಾಸಿಯಾಗುತ್ತದೆ. ಆದರೆ ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಹೆಂಗಸರಿಗೆ ಹೆಪಟೈಟಿಸ್ ಇ ಬಂದರೆ ನೂರಕ್ಕೆ 20ರಿಂದ 25 ಮಂದಿ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿ ಇರುವ ಮನೆಯಲ್ಲಿ ಕುದಿಸದ ನೀರು ಕೊಡದಿರುವುದಕ್ಕೆ ಇದೊಂದೇ ಕಾರಣ ಸಾಕು. 1955ರ ಕೊನೆಯಲ್ಲಿ ದೆಹಲಿಯಲ್ಲಿ ಪ್ರವಾಹದಿಂದಾಗಿ ಯಮುನೆಯ ನೀರೆತ್ತುವ ಜಾಗಕ್ಕೆ ಚರಂಡಿ ನೀರು ನುಗ್ಗಿ ಸುಮಾರು 29,000 ಜನರಿಗೆ ಕಾಮಾಲೆ ಬಂದಿತ್ತು. ಆಗ ಹೆಚ್ಚಿಸಿದ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನು ತಡೆಯಿತು, ವೈರಸ್ ಮಾತ್ರ ದಾಟಿಕೊಂಡಿತು. ಅದು ಹೆಪಟೈಟಿಸ್ ಇ ಎಂಬುದು ಸ್ಪಷ್ಟವಾದದ್ದು ದಶಕಗಳ ನಂತರ. ಅಮೀಬಾ, ಜಿಯಾರ್ಡಿಯಾಗಳಂಥ ಪರೋಪಜೀವಿಗಳು ಗಟ್ಟಿ ಕವಚದೊಳಗೆ ಸೇರಿಕೊಂಡು ಮಾಮೂಲಿ ಪ್ರಮಾಣದ ಕ್ಲೋರಿನ್ನಿಗೂ ಜಗ್ಗದೆ ಉಳಿಯಬಲ್ಲವು. ಕ್ರಿಪ್ಟೊಸ್ಪೊರಿಡಿಯಂ ಕ್ಲೋರಿನ್ನಿಗೆ ಬಗ್ಗುವುದೇ ಇಲ್ಲ.

ಈ ರೋಗಗಳು ಕಾಣಿಸಿಕೊಳ್ಳುವ ಹೊತ್ತು ಬೇರೆ ಬೇರೆ. ಕಾಲರಾ ಕೆಲವು ಗಂಟೆಯಿಂದ ಐದು ದಿನದೊಳಗೆ, ವಿಷಮಶೀತ ಜ್ವರ ಒಂದರಿಂದ ಮೂರು ವಾರದಲ್ಲಿ, ಹೆಪಟೈಟಿಸ್ ಎ ಸುಮಾರು ನಾಲ್ಕು ವಾರಕ್ಕೆ, ಹೆಪಟೈಟಿಸ್ ಇ ಎರಡರಿಂದ ಹತ್ತು ವಾರದಲ್ಲಿ ಹೊರಬೀಳುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಮಾಲೆ ಕಂಡಾಗ ಅದಕ್ಕೆ ಕಾರಣವಾದ ನೀರು ಸಂಪಿನಿಂದ ಖಾಲಿಯಾಗಿ ತಿಂಗಳೇ ಆಗಿರಬಹುದು. ಜನ ನೀರನ್ನು ಬಿಟ್ಟು ಹಿಂದಿನ ದಿನದ ಊಟವನ್ನು ದೂರುವುದಕ್ಕೆ ಇದೂ ಒಂದು ಕಾರಣ. ಚೇಂಬರಿನ ಸೋರಿಕೆ ಹಾಗೇ ಮುಂದುವರಿಯುತ್ತದೆ.

ಹೆಚ್ಚು ನರಳುವವರು ಐದು ವರ್ಷದೊಳಗಿನ ಮಕ್ಕಳು. ಮತ್ತೆ ಮತ್ತೆ ಭೇದಿಯಾಗುವ ಮಗುವಿನ ಕರುಳು ಆಹಾರದ ಸತ್ವ ಹೀರಿಕೊಳ್ಳಲಾರದು, ಬೆಳವಣಿಗೆ ಕುಂಠಿತವಾಗುತ್ತದೆ. ವಠಾರಗಳಲ್ಲಿ, ಬಾಡಿಗೆ ಮನೆಗಳಲ್ಲಿ ಇರುವವರ ಪಾಡು ಇನ್ನೂ ಕಷ್ಟ. ಐದಾರು ಸಂಸಾರಗಳಿಗೆ ಒಂದೇ ಸಂಪು, ಅದರ ಬೀಗದ ಕೈ ಮಾಲೀಕರ ಬಳಿ. ಸಂಪು ತೊಳೆಸುವುದು, ದುರಸ್ತಿ ಮಾಡಿಸುವುದು ಮಾಲೀಕರ ಕರ್ತವ್ಯ ಎಂಬುದರಲ್ಲಿ ಎರಡು ಮಾತಿರಬಾರದು.

ಇದೆಲ್ಲ ಹಳೆಯ ಕಾಲದ ಮಾತಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ಕೊಳಾಯಿ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಸಾವುಗಳೂ ಆದವು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ದುರಂತ ಮರುಕಳಿಸಿತು. ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ ಕಾಲರಾ ಪ್ರಕರಣಗಳು ಕಂಡುಬಂದವು.

ಕುದಿಸಿದರೂ ಹೋಗದ ವಿಷಗಳು

ಕೊಳಚೆಯ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗಿ ಬದಲಾಗಿ ಅಂತರ್ಜಲಕ್ಕೆ ಇಳಿಯುತ್ತದೆ. ಲೀಟರಿಗೆ 45 ಮಿಲಿಗ್ರಾಂ ಮೀರಿದ ನೈಟ್ರೇಟ್ ಇರುವ ನೀರಿನಲ್ಲಿ ಹಾಲಿನ ಪುಡಿ ಕಲಸಿ ಆರು ತಿಂಗಳೊಳಗಿನ ಶಿಶುವಿಗೆ ಕುಡಿಸಿದರೆ, ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮಗು ನೀಲಿಗಟ್ಟುತ್ತದೆ. ಫ್ಲೋರೈಡ್ 1.5 ಮಿಲಿಗ್ರಾಂ ಮೀರಿದರೆ ವರ್ಷಗಳ ಬಳಕೆಯಿಂದ ಹಲ್ಲು ಕಲೆಗಟ್ಟುತ್ತದೆ, ಇನ್ನೂ ಹೆಚ್ಚಾದರೆ ಮೂಳೆ ಬಿರುಸಾಗುತ್ತದೆ. ಕ್ರೋಮಿಯಂಗೆ ಮಿತಿ 0.05 ಮಿಲಿಗ್ರಾಂ. ಇವು ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಂತೆ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಇಂಥ ನೀರಿಗೆ ಆರ್‌ಓ ಬೇಕು, ಇಲ್ಲವೇ ಬೇರೆ ಮೂಲ ಹುಡುಕಬೇಕು.

ಪರೀಕ್ಷೆ

ನೋಡಿ, ಮೂಸಿ, ರುಚಿ ನೋಡಿ ನೀರಿನ ಶುದ್ಧತೆ ಹೇಳಲಾಗದು. ಮನೆಗೆ ಬರುವ ಫಿಲ್ಟರ್ ಮಾರಾಟಗಾರರು ತೋರಿಸುವ ಟಿಡಿಎಸ್ ಮೀಟರು ನೀರಿನಲ್ಲಿ ಕರಗಿದ ಲವಣದ ಅಂದಾಜನ್ನಷ್ಟೇ ಹೇಳುತ್ತದೆ. ಕಾಲರಾದ ರೋಗಾಣುಗಳಿಂದ ತುಂಬಿದ ನೀರಿನ ಟಿಡಿಎಸ್ ಕೂಡ ಕಡಿಮೆ ಇರಬಹುದು.

ಸರಿಯಾದ ಅಳತೆ ಇ. ಕೋಲೈ ಎಂಬ ಬ್ಯಾಕ್ಟೀರಿಯಾ. ಮನುಷ್ಯ, ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಇದು ನೀರಿನಲ್ಲಿ ಸಿಕ್ಕರೆ ಮಲ ಬೆರೆತಿದೆ ಎಂದೇ ಅರ್ಥ. ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು. ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೊಂದನ್ನು ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳಾದ ಮಂಜ, ಮೌರ್ಯ ಮತ್ತು ರಾವ್ 1982ರಲ್ಲಿ ಪ್ರಕಟಿಸಿದರು. ಪುಟ್ಟ ಬಾಟಲಿಗೆ ಗುರುತಿನವರೆಗೆ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಮಲದ ಜೊತೆ ಬರುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಉಂಟುಮಾಡಿ ನೀರು ಕಪ್ಪಾಗುತ್ತದೆ. ಕಪ್ಪಾದರೆ ಆ ನೀರನ್ನು ಹಾಗೇ ಕುಡಿಯಬಾರದು. ಇದರ ಜೊತೆ ಕ್ಲೋರಿನ್ ಅಳೆಯುವ ಕಿಟ್ಟಿನಿಂದ ನಲ್ಲಿ, ಸಂಪು, ಟ್ಯಾಂಕು ಮೂರು ಕಡೆಯ ನೀರನ್ನೂ ನೋಡಿದರೆ ರಕ್ಷಣೆ ಎಲ್ಲಿ ತಪ್ಪುತ್ತಿದೆ ಎಂಬುದು ಗೊತ್ತಾಗುತ್ತದೆ. ಬೋರ್‌ವೆಲ್ ನೀರನ್ನು ಮಳೆಗಾಲಕ್ಕೆ ಮೊದಲೊಮ್ಮೆ, ನಂತರವೊಮ್ಮೆ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಶುದ್ಧೀಕರಣ

ಎಲ್ಲಕ್ಕಿಂತ ನೆಚ್ಚಬಹುದಾದ ಉಪಾಯ ಕುದಿಸುವುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ರೋಗಾಣುಗಳನ್ನು ಕೊಲ್ಲಲು ಅಷ್ಟು ಶಾಖ ಸಾಕು. ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಮೂರೂ ಸಾಯುತ್ತವೆ. ಉಗುರುಬೆಚ್ಚಗೆ ಮಾಡಿ ಇಳಿಸಿದರೆ ಪ್ರಯೋಜನವಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿ ಆರಲು ಬಿಡಬೇಕು. ಬೇರೆ ಬಿಂದಿಗೆಗೆ ಸುರಿದು, ಅದರೊಳಗೆ ಕೈಯಿಟ್ಟು ಲೋಟ ಅದ್ದಿದರೆ ಮಾಡಿದ್ದೆಲ್ಲ ವ್ಯರ್ಥ. ನಲ್ಲಿಯಿರುವ ಪಾತ್ರೆ ಅಥವಾ ಉದ್ದ ಹಿಡಿಯ ಸೌಟು ಇದಕ್ಕೆ ಪರಿಹಾರ.

ಸಂಪಿನ ನೀರಿಗೆ ಬ್ಲೀಚಿಂಗ್ ಪೌಡರ್ ಬಳಸಬಹುದು. ಒಳ್ಳೆಯ ಗುಣಮಟ್ಟದ ಪುಡಿಯಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ. ಡಬ್ಬಿ ತೆರೆದಿಟ್ಟರೆ ಸತ್ವ ಹೋಗುತ್ತದೆ. ಲೆಕ್ಕ 1,000 ಲೀಟರಿಗೆ ಸುಮಾರು 2.5 ಗ್ರಾಂ. ಉದ್ದ, ಅಗಲ, ಆಳ ಆರಾರು ಅಡಿಯ ಸಂಪು ತುಂಬಿದಾಗ ಸುಮಾರು 6,000 ಲೀಟರ್ ನೀರು ಇರುತ್ತದೆ, ಅದಕ್ಕೆ 15 ಗ್ರಾಂ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸಂಪಿಗೆ ಬೆರೆಸಿ ಒಂದು ಗಂಟೆ ಬಿಡಬೇಕು. ನಂತರ ಉಳಿಕೆ ಕ್ಲೋರಿನ್ ಪರೀಕ್ಷಿಸಬೇಕು. ಕದಡಿದ ನೀರಿನಲ್ಲಿ ಕೊಳಕೇ ಕ್ಲೋರಿನ್ನನ್ನು ತಿಂದುಹಾಕುವುದರಿಂದ ಹೆಚ್ಚು ಬೇಕಾಗುತ್ತದೆ.

ಕಾವೇರಿ ನೀರಿನಲ್ಲಿ ಲವಣಾಂಶ ಕಡಿಮೆ. ಅದಕ್ಕೆ ಸಾಮಾನ್ಯವಾಗಿ ಆರ್‌ಓ ಬೇಕಿಲ್ಲ, ಯುವಿ ಫಿಲ್ಟರ್ ಅಥವಾ ಕುದಿಸುವುದು ಸಾಕು. ಆರ್‌ಓ ಯಂತ್ರ ಒಳಗೆ ಬಂದ ನೀರಿನ ದೊಡ್ಡ ಪಾಲನ್ನು ಹೊರಗೆ ಚೆಲ್ಲುತ್ತದೆ. ಗಡಸಾದ ಬೋರ್ ನೀರಿಗೆ, ನೈಟ್ರೇಟ್ ಅಥವಾ ಫ್ಲೋರೈಡ್ ಇರುವ ನೀರಿಗೆ ಅದು ಉಪಯುಕ್ತ. ಯಾವ ಫಿಲ್ಟರ್ ಆದರೂ ಕಾಲಕಾಲಕ್ಕೆ ಕ್ಯಾಂಡಲ್, ಪೊರೆ, ದೀಪ ಬದಲಿಸದಿದ್ದರೆ ನೆಚ್ಚುವಂತಿಲ್ಲ.

ಸಂಪು, ಟ್ಯಾಂಕುಗಳನ್ನು ಆರು ತಿಂಗಳಿಗೊಮ್ಮೆ ತೊಳೆಯುವುದು ವಾಡಿಕೆಯಾಗಬೇಕು. ಕೆಸರು ತೆಗೆದು, ಗೋಡೆ ಉಜ್ಜಿ, ಬ್ಲೀಚಿಂಗ್ ದ್ರಾವಣ ಬಳಿದು, ಮತ್ತೆ ತೊಳೆದು ಆ ನೀರನ್ನು ಹೊರಹಾಕಬೇಕು. ಗೋಡೆ ಬರಿದಾದಾಗಲೇ ಒದ್ದೆ ಕಲೆ, ಬಿರುಕು, ಬೇರು ಕಾಣುವುದು. ಅವನ್ನು ಆಗಲೇ ಮುಚ್ಚಿಸಬೇಕು. ಮುಚ್ಚಿದ ಸಂಪಿನೊಳಗೆ ಆಮ್ಲಜನಕ ಕಡಿಮೆಯಿರಬಹುದು, ವಿಷಾನಿಲ ತುಂಬಿರಬಹುದು. ಮುಚ್ಚಳ ತೆಗೆದು ಸಾಕಷ್ಟು ಗಾಳಿಯಾಡಿಸದೆ, ಹೊರಗೊಬ್ಬರು ಕಾವಲಿಲ್ಲದೆ ಯಾರನ್ನೂ ಒಳಗಿಳಿಸಕೂಡದು. ಸಂಪು ತೊಳೆಯಲು ಇಳಿದ ಕೂಲಿಗಾರನ ಜೀವ ಮನೆಯವರ ಹೊಣೆ.

ಕಾಯಿಲೆ ಬಂದಾಗ

ವಾಂತಿಭೇದಿಯಲ್ಲಿ ಕೊಲ್ಲುವುದು ನೀರಿನ ನಷ್ಟ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ, ಶೇ. 30ರಷ್ಟಿದ್ದ ಸಾವನ್ನು ಶೇ. 4ಕ್ಕಿಂತ ಕೆಳಗಿಳಿಸಿದರು. ಇಂದು ಅದೇ ಓಆರ್‌ಎಸ್ ಪೊಟ್ಟಣ ಎಲ್ಲ ಔಷಧಿ ಅಂಗಡಿಗಳಲ್ಲೂ ಸಿಗುತ್ತದೆ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು. ಚಮಚವೆಂದರೆ ಟೀ ಚಮಚ. ಉಪ್ಪು ಹೆಚ್ಚಾದರೆ ಅಪಾಯ. ಶಿಶುವಿಗೆ ಎದೆಹಾಲು ನಿಲ್ಲಿಸಬಾರದು. ಮೂತ್ರ ಕಡಿಮೆಯಾದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಒಂದೇ ಬೀದಿಯ ಎರಡು ಮೂರು ಮನೆಗಳಲ್ಲಿ ಒಟ್ಟಿಗೆ ವಾಂತಿಭೇದಿ ಅಥವಾ ಕಾಮಾಲೆ ಕಂಡರೆ ಕೊಳವೆಯಲ್ಲೇ ಬೆರಕೆಯಾಗಿದೆಯೆಂದು ಶಂಕಿಸಬೇಕು. ಜಲಮಂಡಳಿಯ 1916 ಸಂಖ್ಯೆಗೆ ದೂರು ಕೊಟ್ಟು, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಿಳಿಸಬೇಕು. ಕೊಳವೆ ದುರಸ್ತಿಯಾಗಿ, ನೀರಿನ ಮಾದರಿ ಪರೀಕ್ಷೆಯಲ್ಲಿ ಸರಿಯೆಂದು ಬರುವವರೆಗೆ ಆ ಬೀದಿಯವರೆಲ್ಲ ಕುದಿಸಿದ ನೀರನ್ನೇ ಕುಡಿಯಬೇಕು. ದುರಸ್ತಿಯ ನಂತರ ಪ್ರತಿ ಮನೆಯ ಸಂಪು, ಟ್ಯಾಂಕುಗಳನ್ನೂ ಖಾಲಿಮಾಡಿ ತೊಳೆದು ಕ್ಲೋರಿನ್ ಹಾಕಬೇಕು. ರಸ್ತೆಯ ಕೊಳವೆ ಸರಿಹೋದರೂ ಮೊದಲು ತುಂಬಿಕೊಂಡ ಕೆಟ್ಟ ನೀರು ಸಂಪಿನಲ್ಲಿ ಉಳಿದಿರುತ್ತದೆ.